ಕಡಲಿಗೆ ಹೋದ ದೂರವಾಣಿ

ಮೀನು ಮಾರುವವನಿಗಿರುವ ಅವಸರ ಇನ್ನಾವ ವರ್ತಕನಿಗೂ ಇರಲಾರದು. ಬಟ್ಟೆ ಇಂದು ಹೋಗದಿದ್ದರೆ ನಾಳೆ ಹೋದೀತು. ಅಕ್ಕಿಯ ಮೂಟೆ ಬೆಲೆಯೇರುವವರೆಗೆ ಕಾದೀತು. ಭೂತಾಯಿ ಮೀನು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಬಿಸಿಲೇರಿತೆಂದರೆ ಅದರ ಬೆಲೆ ಇಳಿಯಿತೆಂದೇ ಅರ್ಥ.

ಉತ್ತರ ಕೇರಳದ ಕರಾವಳಿಯಲ್ಲಿ ಈ ಮೀನಿನ ಸಂತೆ ನೆರೆಯುತ್ತಿದ್ದುದು ಮುಂಜಾನೆಯ ಎರಡು ಮೂರು ಗಂಟೆಗಳ ಕಾಲ ಮಾತ್ರ. ಬಲೆ ತುಂಬಿಸಿಕೊಂಡು ಬಂದ ಬೆಸ್ತನಿಗೆ ತನ್ನೂರಿನ ದಡವೊಂದೇ ಗತಿ. ಅಲ್ಲಿ ಕೊಳ್ಳುವವರಿಲ್ಲವೆಂದು ತಿಳಿಯುವಷ್ಟರಲ್ಲಿ ಮತ್ತೊಂದು ದಡವನ್ನು ಮುಟ್ಟಲು ಹೊತ್ತೂ ಉಳಿದಿರುತ್ತಿರಲಿಲ್ಲ, ಎಣ್ಣೆಯ ಖರ್ಚೂ ಗಿಟ್ಟುತ್ತಿರಲಿಲ್ಲ. 1997ರ ಜನವರಿಯ ಒಂದು ಮುಂಜಾನೆ ವಡಕರದಲ್ಲಿ 11 ಮಂದಿ ಬೆಸ್ತರು ಗಿರಾಕಿಗಳಿಲ್ಲದೆ ಮೀನನ್ನು ಚೆಲ್ಲುವ ಸ್ಥಿತಿಗೆ ಬಂದಿದ್ದರು. ಅದೇ ಹೊತ್ತಿನಲ್ಲಿ 15 ಕಿಲೋಮೀಟರಿನೊಳಗಿನ ನೆರೆಯ ಸಂತೆಗಳಿಂದ 27 ಮಂದಿ ಮೀನು ದೊರೆಯದೆ ಬರಿಗೈಯಲ್ಲಿ ಹೊರಡುವುದರಲ್ಲಿದ್ದರು. ಇವರ ಸುದ್ದಿಯನ್ನು ಅವರಿಗೆ ಮುಟ್ಟಿಸುವ ದಾರಿ ಇರಲಿಲ್ಲ.

ಆ ತಿಂಗಳ ಕೊನೆಗೆ ಕೋಳಿಕ್ಕೋಡಿಗೂ, 1998ರಲ್ಲಿ ಕಣ್ಣೂರಿಗೂ, 2000ದಲ್ಲಿ ಕಾಸರಗೋಡಿಗೂ ಸಂಚಾರಿ ದೂರವಾಣಿ ಬಂದಿತು. ಗೋಪುರಗಳು ತೀರಕ್ಕೆ ಸಮೀಪವಾಗಿದ್ದುದರಿಂದ 20-25 ಕಿಲೋಮೀಟರು ದೂರದ ಕಡಲಿನಲ್ಲಿಯೂ ಮಾತು ಕೇಳಿಸಿತು. ಬೆಸ್ತನು ದೋಣಿಯಲ್ಲಿ ಕುಳಿತೇ ನಾಲ್ಕಾರು ದಡಗಳ ದರವನ್ನು ವಿಚಾರಿಸಿ, ಬೆಲೆಯಿದ್ದ ಕಡೆಗೆ ಚುಕ್ಕಾಣಿ ತಿರುಗಿಸತೊಡಗಿದನು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಆ ವರ್ಷಗಳುದ್ದಕ್ಕೂ 300 ದೋಣಿಗಳ ಲೆಕ್ಕವನ್ನಿರಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ಹಿಡಿದ ಮೀನಿನಲ್ಲಿ ಶೇಕಡ 5ರಿಂದ 8ರಷ್ಟು ವ್ಯರ್ಥವಾಗುತ್ತಿದ್ದುದು ನಿಂತಿತು. ಬೆಸ್ತರ ಲಾಭ ಸರಾಸರಿ ಶೇಕಡ 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಲಾಭವಾಗುವುದು ವ್ಯಾಪಾರದಲ್ಲಿ ಅಪರೂಪ. ಕಡಲಿಗೆ ಚೆಲ್ಲುತ್ತಿದ್ದ ಮೀನು ಅಡುಗೆಮನೆಯನ್ನು ಸೇರಿದುದೇ ಇದರ ಗುಟ್ಟು.

ಆ ಯಂತ್ರವೇ ಬೆಳೆದು, ಬುದ್ಧಿ ಕಲಿತು, ಇಂದು ಪಟ್ಟಣದ ಮನೆಗಳಲ್ಲಿ ಊಟದ ತಟ್ಟೆಯ ಪಕ್ಕಕ್ಕೆ ಬಂದು ಕುಳಿತಿದೆ. ಕಚೇರಿ ಆರು ಗಂಟೆಗೆ ಬಾಗಿಲು ಮುಚ್ಚಿದರೂ ಮೇಲಧಿಕಾರಿಯ ಸಂದೇಶ ರಾತ್ರಿ ಒಂಬತ್ತಕ್ಕೆ ಬರುತ್ತದೆ. ಯಜಮಾನನ ತುತ್ತು ಕೈಯಲ್ಲಿಯೇ ಉಳಿಯುತ್ತದೆ. ಶಾಲೆಯ ಸುದ್ದಿ ಹೇಳುತ್ತಿದ್ದ ಮಗು ನಡುವೆಯೇ ಮಾತು ನಿಲ್ಲಿಸಿ ತಾಯಿಯ ಮುಖ ನೋಡುತ್ತದೆ. ಇದು ನಮ್ಮ ದೇಶದ ಕಷ್ಟ ಮಾತ್ರವಲ್ಲ. 50ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು, ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕುರಿತು ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಫ್ರಾನ್ಸಿನಲ್ಲಿ 2017ರ ಜನವರಿ 1ರಂದು ಜಾರಿಗೆ ಬಂದಿತು. ಆಸ್ಟ್ರೇಲಿಯವು 2024ರ ಆಗಸ್ಟಿನಿಂದ ಅಂಥದೇ ಹಕ್ಕನ್ನು ನೀಡತೊಡಗಿತು.

ಬೆಸ್ತನು ದೂರವಾಣಿಯನ್ನೆತ್ತಿದುದು ತನ್ನ ಪ್ರಶ್ನೆಯನ್ನು ಕೇಳಲು. ಉತ್ತರ ದೊರೆತೊಡನೆ ದೋಣಿ ದಡ ಸೇರುತ್ತಿತ್ತು. ಮೀನು ಮಾರಿ ಅವನು ಮನೆಗೆ ನಡೆಯುತ್ತಿದ್ದನು. ಪಟ್ಟಣದ ನೌಕರನು ಮನೆಗೆ ಬಂದ ಮೇಲೂ ದಡ ಕಾಣನು. ಕಾನೂನು ಬರುವಾಗ ಬರಲಿ. ಊಟದ ಹೊತ್ತಿನಲ್ಲಿ ಯಂತ್ರವನ್ನು ಪಡಸಾಲೆಯ ಗೂಡಿನಲ್ಲಿಡುವ ನಿಯಮವನ್ನು ಮನೆಯವರೇ ಮಾಡಿಕೊಳ್ಳಬಹುದು. ರಾತ್ರಿ ಒಂಬತ್ತರ ಸಂದೇಶಗಳಲ್ಲಿ ಬಹುಪಾಲು ಭೂತಾಯಿ ಮೀನಿನಂಥವಲ್ಲ. ಬೆಳಗಿನವರೆಗೆ ಕೆಡದೆ ಉಳಿಯುತ್ತವೆ.