ಕಟ್ಟಡ ಬೆಳೆದರೆ ವಿದ್ಯೆ ಬೆಳೆದೀತೆ?

ವಿಶ್ವವಿದ್ಯಾಲಯವೊಂದು ಹೊಸ ಕಟ್ಟಡ ಕಟ್ಟಿತೆಂದರೆ ಅದನ್ನು ವಿದ್ಯೆಯ ಏಳಿಗೆಯೆಂದೇ ನಾವೆಲ್ಲ ಬಗೆಯುತ್ತೇವೆ. ಶಂಕುಸ್ಥಾಪನೆ, ಉದ್ಘಾಟನೆಗಳ ಸಂಭ್ರಮದಲ್ಲಿ, ಒಳಗೆ ದುಡಿಯುವವರಿಗೆ ಅದರಿಂದ ಏನು ದೊರೆಯಿತೆಂಬ ಪ್ರಶ್ನೆ ಮರೆಯಾಗುತ್ತದೆ. ಅಮೆರಿಕದ ಒಂದು ವಿದ್ಯಾಸಂಸ್ಥೆಯ ಅನುಭವವು ಈ ಬಗೆಗೆ ವಿಚಾರಯೋಗ್ಯವಾಗಿದೆ.

ಬಾಸ್ಟನ್ ನಗರದ ಸಮೀಪದಲ್ಲಿರುವ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1943ರಲ್ಲಿ, ಮಹಾಯುದ್ಧಕ್ಕೆ ಅಗತ್ಯವಾಗಿದ್ದ ರೇಡಾರ್ ಸಂಶೋಧನೆಗಾಗಿ, ಮೂರಂತಸ್ತಿನ ಮರದ ಕಟ್ಟಡವೊಂದನ್ನು ಅವಸರದಲ್ಲಿ ಕಟ್ಟಿಸಿತು. ಯುದ್ಧಾನಂತರ ಕೆಡವಬೇಕಾಗಿದ್ದ ಅದಕ್ಕೆ ಹೆಸರೂ ಇರಲಿಲ್ಲ. 'ಇಪ್ಪತ್ತನೆಯ ಕಟ್ಟಡ'ವೆಂಬ ಸಂಖ್ಯೆ ಮಾತ್ರವಿತ್ತು. ಬೇಸಿಗೆಯಲ್ಲಿ ಬೇಗೆ, ಚಳಿಗಾಲದಲ್ಲಿ ನಡುಕ. ಆದರೂ ಅದು 55 ವರ್ಷ ನಿಂತಿತು. ನೋಮ್ ಚಾಮ್‌ಸ್ಕಿಯವರ ಭಾಷಾವಿಜ್ಞಾನಕ್ಕೆ ಅದು ನೆಲೆಯಾಯಿತು. ಪರಮಾಣು ಗಡಿಯಾರದ ಪ್ರಯೋಗಕ್ಕೆ ಎತ್ತರ ಸಾಲದೆ ಬಂದಾಗ ವಿಜ್ಞಾನಿಗಳು ಮೇಲಂತಸ್ತಿನ ನೆಲವನ್ನೇ ತೆಗೆಸಿದರು. ಗೋಡೆ ಕೊರೆದು ತಂತಿ ಎಳೆಯಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿರಲಿಲ್ಲ. ಬೇರೆ ಬೇರೆ ಶಾಸ್ತ್ರಗಳವರು ಒಂದೇ ಪಡಸಾಲೆಯಲ್ಲಿ ಓಡಾಡುತ್ತ ಪರಸ್ಪರ ಅರಿತುಕೊಂಡರು.

1998ರಲ್ಲಿ ಅದನ್ನು ಕೆಡವಲಾಯಿತು. ಅದೇ ನಿವೇಶನದಲ್ಲಿ, ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಗೆರಿಯವರ ವಿನ್ಯಾಸದಂತೆ, ಸುಮಾರು 30 ಕೋಟಿ ಡಾಲರ್ ವೆಚ್ಚದ ಸ್ಟಾಟಾ ಕೇಂದ್ರವು 2004ರಲ್ಲಿ ತೆರೆಯಿತು. ಸೋರಿಕೆ, ಬಿರುಕುಗಳ ದೂರಿನೊಡನೆ ಸಂಸ್ಥೆಯು 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು, 2010ರಲ್ಲಿ ರಾಜಿಯಾಯಿತು. ಆ ಹೊಸ ಭವನದಲ್ಲಿಯೂ ಗಣಕ ವಿಜ್ಞಾನದ ಉತ್ತಮ ಸಂಶೋಧನೆ ನಡೆಯುತ್ತಿದೆಯೆಂಬುದನ್ನು ಮರೆಯಲಾಗದು.

ಹಾಗೆಂದು ಮುರುಕು ಕೊಠಡಿಗಳೇ ಸಾಕೆಂದು ನಾವು ಹೇಳುತ್ತಿಲ್ಲ. ಸೂಕ್ಷ್ಮ ಉಪಕರಣಗಳಿಗೆ ಭದ್ರ ನೆಲೆ, ವಿದ್ಯಾರ್ಥಿಗಳಿಗೆ ಗಾಳಿ ಬೆಳಕು ಬೇಕೇ ಬೇಕು. ಆದರೆ ಕಟ್ಟಡಕ್ಕೆ ಕೂಡಿದ ಹಣ ಒಮ್ಮೆ ಮುಗಿಯುತ್ತದೆ. ಅದರ ವಿದ್ಯುತ್ತು, ದುರಸ್ತಿ, ಕಾವಲುಗಳ ಖರ್ಚು ವರ್ಷ ವರ್ಷವೂ ಬರುತ್ತದೆ. ಆ ಹೊರೆ ಪುಸ್ತಕ, ಉಪಕರಣ, ಸಂಶೋಧನಾ ವೇತನಗಳ ಪಾಲನ್ನು ಕಬಳಿಸಿದರೆ ಭವ್ಯ ಭವನವೇ ವಿದ್ಯೆಗೆ ಭಾರವಾಗುತ್ತದೆ.

ಓದುಗ ಬಂಧುಗಳೇ, ನಮ್ಮ ಮನೆಗಳ ಮಕ್ಕಳು ವಿಶ್ವವಿದ್ಯಾಲಯಗಳಿಗೆ ಹೋಗುತ್ತಾರೆ. ಕಟ್ಟಡ ನಿಧಿಗೆ ನಾವೂ ಕೈಲಾದಷ್ಟು ಕೊಡುತ್ತೇವೆ. ಕೊಡುವ ಮೊದಲು ಮೂರು ಮಾತು ಕೇಳೋಣ: ಒಳಗೆ ದುಡಿಯುವವರನ್ನು ವಿಚಾರಿಸಿ ನಕ್ಷೆ ಮಾಡಿದ್ದೀರಾ? ನಾಳಿನ ನಿರ್ವಹಣೆಗೆ ಹಣವಿದೆಯೇ? ಕಲಿಸುವ ಅಧ್ಯಾಪಕರಿದ್ದಾರೆಯೇ? ಉತ್ತರ ಸಮರ್ಪಕವಾಗಿದ್ದರೆ ಮನಸಾರೆ ಕೊಡೋಣ. ಇಲ್ಲವಾದರೆ ಅದೇ ಹಣವನ್ನು ಬಡ ಸಂಶೋಧಕನೊಬ್ಬನ ವಿದ್ಯಾರ್ಥಿವೇತನಕ್ಕೆ ಕೊಡುವುದು ಲೇಸು.