ಬರೆದವನೇ ತಾಣದೊಡೆಯನಾಗಲಿ

ಹರಿಹರದಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ತಲೆ ಬೆಳ್ಳಗೆ ಮಾಡಿಕೊಂಡವರು. ಮೊಮ್ಮಗ ತಂದುಕೊಟ್ಟ ಫೋನಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ಕಲಿತ ಮೇಲೆ ಅವರಿಗೆ ಬರೆಯುವ ಗೀಳು ಹತ್ತಿತು. ಒಂದು ದೊಡ್ಡ ಕಂಪನಿ ಪುಕ್ಕಟೆಯಾಗಿ ಕೊಟ್ಟ ಪುಟದಲ್ಲಿ ನಾಲ್ಕು ವರ್ಷ, ದಿನವೂ ಸಂಜೆ, ತಮ್ಮ ಬದುಕನ್ನು ಬರೆದರು. ಲೇತಿನ ಮುಂದೆ ಮೊದಲ ದಿನ ಕೈ ನಡುಗಿದ್ದು, ರಾತ್ರಿ ಪಾಳಿಯ ಕ್ಯಾಂಟೀನು, ಮುಷ್ಕರದ ದಿನಗಳಲ್ಲಿ ಯಾರ ಮನೆಯಿಂದ ರೊಟ್ಟಿ ಬಂತು, ಬಾಕಿ ಕೈಸೇರುವ ಮೊದಲೇ ಕಣ್ಣು ಮುಚ್ಚಿದವರು ಯಾರು, ಎಲ್ಲವನ್ನೂ ಬರೆದರು. ಹಳೆಯ ಸಂಗಾತಿಗಳ ಭಾವಚಿತ್ರಗಳನ್ನೂ ಹಾಕಿದರು. ಒಂದು ಬೆಳಿಗ್ಗೆ ಪುಟ ತೆರೆಯಲಿಲ್ಲ. ನಿಯಮ ಉಲ್ಲಂಘನೆಯಾಗಿದೆ ಎಂಬ ಒಂದು ಸಾಲು ಮಾತ್ರ ಇತ್ತು. ಯಾವ ನಿಯಮ? ಯಾವ ಬರಹ? ಹೇಳುವವರಿಲ್ಲ. ಅವರ ಪರವಾಗಿ ನಾವು ಮೂರು ಅರ್ಜಿ ಬರೆದೆವು. ಮೂರಕ್ಕೂ ಒಂದೇ ಉತ್ತರ, ಒಂದಕ್ಷರವೂ ಬದಲಾಗದೆ ಬಂತು. ಅದನ್ನು ಬರೆದದ್ದು ಯಂತ್ರವೆಂದು ತಿಳಿಯಲು ಹೆಚ್ಚು ಓದು ಬೇಕಿಲ್ಲ. ಸೊಸೆಯ ಫೋನಿನಲ್ಲಿ ಉಳಿದಿದ್ದ ಹನ್ನೊಂದು ಚಿತ್ರಗಳನ್ನು ಬಿಟ್ಟರೆ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲಾಯಿತು.

ಈ ಸಂಗತಿಯನ್ನು ದಾವಣಗೆರೆಯಲ್ಲಿ ಕಾರ್ಯಕರ್ತರ ಸಭೆಯ ಮುಂದಿಟ್ಟು, ಬರೆಯಬಲ್ಲ ಪ್ರತಿಯೊಬ್ಬನೂ ತನ್ನದೇ ಹೆಸರಿನ ಜಾಲತಾಣವೊಂದನ್ನು ಇಟ್ಟುಕೊಳ್ಳಬೇಕೆಂದು ನಾವು ಸೂಚಿಸಿದಾಗ ಕೆಲವರು ನಕ್ಕರು. 'ಅದೆಲ್ಲ ಉಳ್ಳವರ ಹವ್ಯಾಸ, ಬೆಂಗಳೂರಿನ ಕಂಪ್ಯೂಟರ್ ಹುಡುಗರ ಶೋಕಿ' ಎಂದರು ಒಬ್ಬರು. 'ಸಂತೆ ಸೇರುವ ಕಡೆ ಅಂಗಡಿ ಹಾಕಬೇಕು, ಊರಾಚೆ ಹಾಕಿದರೆ ಯಾರು ಬರುತ್ತಾರೆ?' ಎಂದರು ಮತ್ತೊಬ್ಬರು. ಇಬ್ಬರೂ ನಮ್ಮ ಸಂಗಾತಿಗಳೇ. ಆದರೂ ಅವರ ಮಾತು ತಪ್ಪೆಂದು ಇಲ್ಲಿ ಬರೆಯದೆ ವಿಧಿಯಿಲ್ಲ.

ಉಳ್ಳವರ ಹವ್ಯಾಸವಂತೆ! ಅಂತರಜಾಲದಲ್ಲಿ ಕನ್ನಡಕ್ಕೆ ಕಾಲೂರಲು ಜಾಗ ಮಾಡಿಕೊಟ್ಟವರು ಯಾರು? ಸಾಹುಕಾರರಲ್ಲ. ಸರಕಾರ ಬಂದದ್ದೂ ತಡವಾಗಿ. ಕೆ. ಪಿ. ರಾಯರು ಕನ್ನಡಕ್ಕೊಂದು ಸರಳವಾದ ಕೀಲಿಮಣೆಯ ವಿನ್ಯಾಸ ರೂಪಿಸಿ ಕಾಸು ಕೇಳದೆ ಜನರ ಕೈಗಿತ್ತರು. ಅದನ್ನು ಆಧರಿಸಿದ ವಿನ್ಯಾಸವನ್ನೇ ಮುಂದೆ ಸರಕಾರ ಅಂಗೀಕರಿಸಿತು. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜರು 1996ರಲ್ಲಿ 'ವಿಶ್ವ ಕನ್ನಡ'ವನ್ನು ಆರಂಭಿಸಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಅದು. ಅದಕ್ಕೆಂದು ಯಾರೂ ಅವರಿಗೆ ಸಂಬಳ ಕೊಡುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಹೊರತಂದು ಹಂಚಿದರು. 2005ರಲ್ಲಿ ಹರಿಪ್ರಸಾದ್ ನಾಡಿಗರು 'ಸಂಪದ' ಕಟ್ಟಿದಾಗ ಊರೂರಿನ ಕನ್ನಡಿಗರು ಅಲ್ಲಿ ಬರೆದರು. ಇವೆಲ್ಲ ಹವ್ಯಾಸವೇ. ಹವ್ಯಾಸವೆಂದರೆ ಹೊತ್ತು ಕಳೆಯುವ ಆಟವೆಂದು ತಿಳಿದವರು ಇಷ್ಟನ್ನಾದರೂ ನೆನೆಯಬೇಕು: ಇಂದು ಅವರು ಫೋನಿನಲ್ಲಿ ಸಲೀಸಾಗಿ ಕನ್ನಡ ಒತ್ತುತ್ತಿದ್ದರೆ ಅದರ ಹಿಂದೆ ಇಂಥ ಆಟಗಾರರ ನಿದ್ದೆಗೆಟ್ಟ ರಾತ್ರಿಗಳಿವೆ.

ಜಾಲವೇ ಹುಟ್ಟಿದ್ದಾದರೂ ಎಲ್ಲಿ? ಹಲವು ಸರಕಾರಗಳು ಜನರ ತೆರಿಗೆಯಿಂದ ನಡೆಸುವ, ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ. ಟಿಮ್ ಬರ್ನರ್ಸ್-ಲೀ ಅಲ್ಲಿ ಕಟ್ಟಿದ ಈ ವ್ಯವಸ್ಥೆಯನ್ನು 1993ರ ಏಪ್ರಿಲ್ 30ರಂದು ಆ ಸಂಸ್ಥೆ ಯಾವ ರಾಯಧನವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದು ಗೋಮಾಳದಂತೆ ಎಲ್ಲರದು. ಆ ಗೋಮಾಳಕ್ಕೆ ಬೇಲಿ ಹಾಕಿ, 'ಬನ್ನಿ, ಇಲ್ಲಿ ಪುಕ್ಕಟೆ ಬಿತ್ತಿಕೊಳ್ಳಿ' ಎಂದು ಕರೆದವರು ಆಮೇಲೆ ಬಂದ ಬಂಡವಾಳಗಾರರು. ನಾವೂ ಹೋಗಿ ಬಿತ್ತಿದೆವು. ನಮ್ಮ ಕವಿತೆ, ನಮ್ಮ ಜಗಳ, ನಮ್ಮ ಸಾವಿನ ಸುದ್ದಿ, ಎಲ್ಲದರ ಪಕ್ಕದಲ್ಲೂ ಅವರು ಜಾಹೀರಾತು ನೆಟ್ಟು ಫಸಲು ಕೊಯ್ದರು. ನಮ್ಮ ಬರಹ ನೆರೆಮನೆಯವನ ಕಣ್ಣಿಗೆ ಬೀಳಬೇಕೇ ಬೇಡವೇ ಎಂಬುದನ್ನೂ ಅವರೇ ನಿರ್ಧರಿಸಿದರು.

ಇದು ಗೇಣಿ ಪದ್ಧತಿಯಲ್ಲದೆ ಮತ್ತೇನು? 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹಕ್ಕಿಳಿದದ್ದು ಏತಕ್ಕೆ? ಉಳುವವನಿಗೆ ಒಡೆಯನ ಮರ್ಜಿಯೇ ಕಾನೂನಾಗಿತ್ತು. ಗೇಣಿ ಪದ್ಧತಿಯನ್ನು ರದ್ದುಪಡಿಸುವ ಭೂಸುಧಾರಣೆ ಕರ್ನಾಟಕಕ್ಕೆ ಬರಲು 1974ರವರೆಗೆ ಕಾಯಬೇಕಾಯಿತು. ಹೊಲದ ವಿಷಯದಲ್ಲಿ ಅಷ್ಟು ತಿಳಿದ ನಮ್ಮ ಜನ ಬರಹದ ವಿಷಯದಲ್ಲಿ ತಾವಾಗಿಯೇ ಗೇಣಿಗೆ ಕೂತಿದ್ದಾರೆ. ಒಕ್ಕಲೆಬ್ಬಿಸಿದ ಉದಾಹರಣೆಗಳೇನು ಕಡಿಮೆಯೇ? ಹವ್ಯಾಸಿಗಳ ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸನ್ನು ಯಾಹೂ ಕಂಪನಿ 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ನಮ್ಮ ಹುಡುಗರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಹೋಯಿತು. ಅಲ್ಲಿ ಬರೆದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

'ಸ್ವಂತ ತಾಣವೂ ಬಾಡಿಗೆಯದೇ ಅಲ್ಲವೇ? ಹೆಸರಿಗೆ ವರ್ಷವರ್ಷವೂ ದುಡ್ಡು ಕಟ್ಟಬೇಕಲ್ಲ?' ಎಂದು ಸಭೆಯಲ್ಲಿ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹೌದು, ಕಟ್ಟಬೇಕು. ತಪ್ಪಿದರೆ ಹೆಸರು ಕೈಬಿಡುತ್ತದೆ. ಆದರೆ ಇಲ್ಲಿ ಕೊಡುವುದು ಗೊತ್ತುಪಡಿಸಿದ ಹಣ, ಫಸಲಿನ ಪಾಲಲ್ಲ. ಜಾಗ ಕೊಟ್ಟ ಕಂಪನಿ ಕಿರುಕುಳ ಕೊಟ್ಟರೆ ನಮ್ಮ ಕಡತಗಳನ್ನೆಲ್ಲ ಎತ್ತಿಕೊಂಡು ಬೇರೊಂದು ಕಂಪನಿಯಲ್ಲಿ ಇಡಬಹುದು. ಹೆಸರು ಅದೇ ಇರುತ್ತದೆ, ಓದುಗನಿಗೆ ಮನೆ ಬದಲಾದದ್ದೂ ತಿಳಿಯದು. ಆ ಹಿರಿಯರು ನಾಲ್ಕು ವರ್ಷದ ಬರಹವನ್ನು ಹೀಗೆ ಹೆಗಲ ಮೇಲೆ ಹೊತ್ತು ಹೊರಡಬಹುದಿತ್ತೇ?

ಖರ್ಚಿನ ಮಾತು. ಹೆಸರಿಗೆ ವರ್ಷಕ್ಕೆ ಸುಮಾರು ಒಂದು ಸಾವಿರ ರೂಪಾಯಿ, ಜಾಗಕ್ಕೆ ಇನ್ನೆರಡು ಸಾವಿರದ ಆಸುಪಾಸು. ದಿನಕ್ಕೊಂದು ಚಹಾದ ಲೆಕ್ಕ. ಬರಿಯ ಬರಹ, ಚಿತ್ರಗಳ ಪುಟವಾದರೆ ಜಾಗ ಪುಕ್ಕಟೆಯಾಗಿಯೂ ಸಿಗುತ್ತದೆ. ಆದರೆ ಹೆಸರು ಮಾತ್ರ ನಮ್ಮದೇ ಇರಬೇಕು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನಾವೇ ಇದನ್ನು ಕಲಿತೆವೆಂದ ಮೇಲೆ ಕಷ್ಟವೆಂಬ ಮಾತು ನಿಲ್ಲದು. ಎಚ್‌ಟಿಎಂಎಲ್ ಗುರುತುಗಳಲ್ಲಿ ಇಪ್ಪತ್ತು ಬಂದರೆ ಒಂದು ಪುಟ ಕಟ್ಟಬಹುದು. ಮಗ್ಗಿ ಬಾಯಿಪಾಠ ಮಾಡಿದವರಿಗೆ ಇದು ಹೊರೆಯಲ್ಲ. ಒಂದೇ ಎಚ್ಚರಿಕೆ: ಯೂನಿಕೋಡಿನಲ್ಲಿಯೇ ಬರೆಯಬೇಕು. ಹಿಂದೆ ತಾಣಕ್ಕೊಂದು ಫಾಂಟ್ ಇದ್ದ ಕಾಲದ ಎಷ್ಟೋ ಕನ್ನಡ ಪುಟಗಳು ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಎಲ್ಲದರ ಒಂದು ಪ್ರತಿ ಮನೆಯಲ್ಲಿಯೂ ಇರಲಿ.

ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಬರೋಣ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳಿಂದ ಕೈಬರಹದ ಪತ್ರಿಕೆ ಮಾಡಿಸುತ್ತಿದ್ದೆವು. ವರ್ಷಕ್ಕೆ ಎರಡು ಸಂಚಿಕೆ, ಇರುವುದು ಒಂದೇ ಪ್ರತಿ. ಓದಿದವರು ನೂರು ಜನವಿರಬಹುದು. ಅದನ್ನು ಯಾರೂ ವ್ಯರ್ಥವೆನ್ನಲಿಲ್ಲ. ಸಂತೆಗೆ ಹೋಗಬೇಡಿರೆಂದೂ ನಾವು ಹೇಳುತ್ತಿಲ್ಲ. ಹೋಗಿ ಕೂಗಿ ಬನ್ನಿ. ದವಸ ಮಾತ್ರ ನಮ್ಮ ಕಣಜದಲ್ಲಿರಲಿ. ತೆರೆದ ತಾಣಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಲಾಗಿನ್ ಗೋಡೆಯ ಹಿಂದೆ ಬಚ್ಚಿಟ್ಟದ್ದು ಅದರ ಕೈಗೂ ಸಿಗುವುದಿಲ್ಲ.

ಸ್ವಂತ ತಾಣವಿದ್ದರೆ ಸರಕಾರದ ಕೈ ತಾಗದೆಂಬ ಭ್ರಮೆಯೂ ಬೇಡ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನಡಿ ತಾಣವನ್ನೇ ತಡೆಯುವ ಅಧಿಕಾರ ಅದಕ್ಕಿದೆ. ಆದರೆ ಸರಕಾರದ ಎದುರು ನ್ಯಾಯಾಲಯವಿದೆ. ಅದೇ ಕಾಯಿದೆಯ 66ಎ ಕಲಮನ್ನು ಶ್ರೇಯಾ ಸಿಂಘಾಲ್ ಎಂಬ ತರುಣಿ ಪ್ರಶ್ನಿಸಿ, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಿಂದ ರದ್ದು ಮಾಡಿಸಲಿಲ್ಲವೇ? ಕಂಪನಿಗಳ ವಿರುದ್ಧವೂ 2023ರಿಂದ ಮೇಲ್ಮನವಿ ಸಮಿತಿಗಳಿವೆ, ನಿಜ. ಕಂಪನಿಯ ದೂರು ಅಧಿಕಾರಿಯ ಉತ್ತರ ಬಂದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಅಂಥದೊಂದು ದಾರಿಯಿದೆಯೆಂದು ನಮಗೆ ತಿಳಿಯುವ ಹೊತ್ತಿಗೆ ಆ ಮೂವತ್ತು ದಿನ ಕಳೆದಿತ್ತು. ಈ ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇವೆ.

ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರು. ಆ ಹತ್ತಿ ಗಿರಣಿಗಳ ಸದ್ದು ಅಡಗಿ ಬಹಳ ಕಾಲವಾಯಿತು. 1941ರಲ್ಲಿ ಆರಂಭವಾಗಿ ಹರಿಹರದ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಮಾಲೀಕರ ವಾರ್ಷಿಕ ವರದಿಗಳು ಎಲ್ಲಾದರೂ ಸಿಗುತ್ತವೆ. ಮಗ್ಗದ ಮುಂದೆ, ಲೇತಿನ ಮುಂದೆ ನಿಂತವರು ಬರೆದದ್ದು ಎಲ್ಲಿದೆ? ವಾಟ್ಸಾಪ್ ಗುಂಪುಗಳಲ್ಲಿ, ಗಾಜು ಒಡೆದ ಫೋನುಗಳಲ್ಲಿ. ಅವರೆಲ್ಲ ಎಪ್ಪತ್ತು ದಾಟಿದವರು.

ಆದುದರಿಂದ ಸರಕಾರಕ್ಕೂ ಒಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂತು. ಇಷ್ಟು ಜಾಣತನ ಬಂದ ನಗರದ ಗ್ರಂಥಾಲಯದಲ್ಲಿ, ಕೇಳಿದ ನಾಗರಿಕನಿಗೆ ಒಂದಿಷ್ಟು ಸರ್ವರ್ ಜಾಗ, ಒಂದು ಹೆಸರು, ಕಲಿಸಿಕೊಡಲು ಒಬ್ಬ ಸಿಬ್ಬಂದಿ ಏಕಿರಬಾರದು? ಪುಸ್ತಕ ಓದಿಸುವುದು ಗ್ರಂಥಾಲಯದ ಕೆಲಸವಾದರೆ ಬರೆದದ್ದನ್ನು ಕಾಪಾಡುವುದು ಯಾರ ಕೆಲಸ? ಈ ಬೇಡಿಕೆಯನ್ನು ಬರೆದು ನಗರ ಗ್ರಂಥಾಲಯಕ್ಕೂ ಮಹಾನಗರಪಾಲಿಕೆಗೂ ಸಲ್ಲಿಸಲಿದ್ದೇವೆ. ಸಹಿ ಹಾಕುವವರು ಕಚೇರಿಗೆ ಬರಬೇಕು.

ಹರಿಹರದ ಹಿರಿಯರು ಮತ್ತೆ ಬರೆಯಲು ಕೂತಿದ್ದಾರೆ. ಹೆಸರು ನೋಂದಾಯಿಸಿದ್ದಾಗಿದೆ, ವರ್ಷದ ಹಣವನ್ನು ಅವರೇ ಕೊಟ್ಟರು, ನಮ್ಮಿಂದ ತೆಗೆದುಕೊಳ್ಳಲಿಲ್ಲ. ಮೊದಲ ಪುಟ ಒಂದು ಪಟ್ಟಿ: ತಮ್ಮ ಪಾಳಿಯಲ್ಲಿ ದುಡಿದವರ ಹೆಸರುಗಳು. ಮೂವತ್ತೆಂಟು ನೆನಪಾಗಿವೆ. ಎಡಗೈಯಲ್ಲಿ ಬರೆಯುತ್ತಿದ್ದ ರಾಣೇಬೆನ್ನೂರಿನ ಕಡೆಯ ಫಿಟ್ಟರ್ ಒಬ್ಬರ ಹೆಸರು ಮಾತ್ರ ಹೊಳೆಯುತ್ತಿಲ್ಲವಂತೆ. ತಿಳಿದವರು ನಮಗೊಂದು ಕಾರ್ಡು ಬರೆಯಲಿ.