ಮಣಿಕಟ್ಟಿನ ಮೇಲಿನ ನಕ್ಷತ್ರಗಳು

ಕಳೆದ ತಿಂಗಳು ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದವನು ಒಂದು ಪುಟ್ಟ ಪೆಟ್ಟಿಗೆಯನ್ನು ನನ್ನ ಕೈಗಿತ್ತು, “ಮಾವ, ನಿಮಗೆ ಚಿತ್ರಕಲೆ ಎಂದರೆ ಪ್ರಾಣ. ಇದನ್ನು ಕಟ್ಟಿಕೊಂಡೇ ಕಾಲೇಜಿಗೆ ಹೋಗಬೇಕು” ಎಂದ. ಒಳಗಿದ್ದುದು ಕೈಗಡಿಯಾರ. ಅದರ ಮುಖದ ಮೇಲೆ ನೀಲಿ ಆಕಾಶ, ಸುಳಿಸುಳಿಯಾದ ಗಾಳಿ, ಹಳದಿ ನಕ್ಷತ್ರಗಳು. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1889ರಲ್ಲಿ ಬರೆದ ‘ನಕ್ಷತ್ರಗಳ ಇರುಳು’ ಅಲ್ಲಿ ಅಚ್ಚಾಗಿತ್ತು. ಹುಡುಗನ ಪ್ರೀತಿಗೆ ನಾನು ಋಣಿ. ಗಡಿಯಾರದ ಮೇಲೆ ಮಾತ್ರ ನನಗೆ ಜಗಳವಿದೆ. ಆ ಜಗಳವನ್ನು ಓದುಗರ ಮುಂದಿಡುತ್ತೇನೆ.

ಇದು ಯಾವನೋ ಒಬ್ಬ ಅಂಗಡಿಯವನ ಚಪಲವಾಗಿದ್ದರೆ ಸುಮ್ಮನಿರುತ್ತಿದ್ದೆ. ಮೂಲಚಿತ್ರವನ್ನು 1941ರಿಂದ ಕಾಪಾಡಿಕೊಂಡು ಬಂದಿರುವ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಸ್ಥೆಯೇ 2021ರಲ್ಲಿ ಸ್ವಿಟ್ಜರ್ಲೆಂಡಿನ ಸ್ವಾಚ್ ಕಂಪನಿಯೊಡನೆ ಕೈಜೋಡಿಸಿ ಈ ಚಿತ್ರದ ಗಡಿಯಾರವನ್ನು ಹೊರತಂದಿತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರನ್ನು?

ಚಿತ್ರ ಹುಟ್ಟಿದ ಬಗೆಯನ್ನು ನೆನೆಯೋಣ. 1889ರ ಮೇ ತಿಂಗಳಲ್ಲಿ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯಕ್ಕೆ ತಾನಾಗಿಯೇ ಸೇರಿದ. ಸೂರ್ಯೋದಯಕ್ಕೆ ಬಹಳ ಮುಂಚೆ ಕಿಟಕಿಯಲ್ಲಿ ನಿಂತು ಬೆಳ್ಳಿಯನ್ನು ಕಂಡುದಾಗಿ ತಮ್ಮ ಥಿಯೋಗೆ ಬರೆದ. ಮಲಗುವ ಕೋಣೆಯಲ್ಲಿ ಬಣ್ಣ ಹಚ್ಚುವಂತಿರಲಿಲ್ಲ. ಕಂಡದ್ದನ್ನು ಮನಸ್ಸಿನಲ್ಲಿ ಹೊತ್ತು ತಂದು ಕೆಳಗಿನ ಕೋಣೆಯಲ್ಲಿ ಕುಳಿತು ಜೂನ್ ತಿಂಗಳಲ್ಲಿ ಚಿತ್ರವಾಗಿಸಿದ. ಆ ಕಿಟಕಿಯಿಂದ ಕಾಣದಿದ್ದ ಹಳ್ಳಿಯನ್ನು ತಾನೇ ಸೇರಿಸಿದ. ಮರುವರ್ಷ ಜುಲೈ 29ರಂದು, 37ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಕನಿಕರ ನನ್ನ ವಾದವಲ್ಲ. ಬಡವನಾಗಿ ಸತ್ತವನ ಚಿತ್ರವನ್ನು ಮಾರಬಾರದೆಂದರೆ ಜಗತ್ತಿನ ಅರ್ಧ ಕಲೆಯನ್ನು ಮುಚ್ಚಿಡಬೇಕಾದೀತು. ನನ್ನ ವಾದ ಬರಿಯ ಅಳತೆಯಿಂದ ಆರಂಭವಾಗುತ್ತದೆ. ಮೂಲಚಿತ್ರ ಸುಮಾರು 74 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲ. ಮಗಳ ಅಳತೆಪಟ್ಟಿಯನ್ನು ಇಟ್ಟು ನೋಡಿದೆ: ನನ್ನ ಗಡಿಯಾರದ ಮುಖ ಅಡ್ಡಲಾಗಿ 3 ಸೆಂಟಿಮೀಟರ್. ಚೌಕದ ಚಿತ್ರವನ್ನು ಗುಂಡಗೆ ಕತ್ತರಿಸಿದ್ದರಿಂದ ಸೈಪ್ರೆಸ್ ಮರದ ತುದಿಯಷ್ಟೇ ಉಳಿದಿದೆ. ಹಳ್ಳಿಯಂತೂ ಇಲ್ಲವೇ ಇಲ್ಲ. ಮೂಲದಲ್ಲಿ ಬಣ್ಣ ದಪ್ಪನಾಗಿ ಮೆತ್ತಿಕೊಂಡು ಕುಂಚ ಓಡಿದ ದಾರಿಯನ್ನೇ ಹೇಳುತ್ತದೆ. ಇಲ್ಲಿ ಎಲ್ಲವೂ ನುಣುಪು. ಮಧ್ಯಾಹ್ನ ಹನ್ನೆರಡಾದರೆ ಎರಡು ಮುಳ್ಳುಗಳೂ ಸೇರಿ ನಕ್ಷತ್ರವೊಂದನ್ನು ಮುಚ್ಚಿಬಿಡುತ್ತವೆ. ಇದನ್ನು ವ್ಯಾನ್ ಗೋ ಎಂದು ಕರೆಯುವುದು, ಪದ್ಯದ ನಡುವಿನ ನಾಲ್ಕು ಅಕ್ಷರಗಳನ್ನು ಕಿತ್ತು ತಂದು ಇದೇ ಕಾವ್ಯವೆಂದಂತೆ.

ವಿರೋಧಿಗಳು ಇಲ್ಲಿ ನನ್ನನ್ನು ತಡೆಯುತ್ತಾರೆ. “ಮೇಷ್ಟ್ರೇ, ನಿಮ್ಮದು ಹಣವಂತರ ಪಕ್ಷ. ನ್ಯೂಯಾರ್ಕಿಗೆ ಹೋಗಲಾರದವನು ಚಿತ್ರವನ್ನು ನೋಡುವುದೇ ಬೇಡವೆ?” ಈ ಪ್ರಶ್ನೆಗೆ ತೂಕವಿದೆ. ಸ್ವತಃ ವ್ಯಾನ್ ಗೋ ಅಗ್ಗದ ಅಚ್ಚುಚಿತ್ರಗಳ ಭಕ್ತ. ಜಪಾನಿನ ಮರದಚ್ಚಿನ ಚಿತ್ರಗಳನ್ನು ನೂರುಗಟ್ಟಲೆ ಕೂಡಿಹಾಕಿದ್ದ. 1882ರಲ್ಲಿ ಹೇಗ್ ನಗರದಲ್ಲಿದ್ದಾಗ, ಕೂಲಿಕಾರರ ಮನೆಗಳಿಗೆ ಎಟಕುವ ಬೆಲೆಯಲ್ಲಿ ಕಲ್ಲಚ್ಚಿನ ಚಿತ್ರಗಳನ್ನು ಮಾಡಬೇಕೆಂದು ಹಂಬಲಿಸಿದ್ದ. ನಮ್ಮ ದೇಶದಲ್ಲಿಯೂ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಬಳಿ ಮುದ್ರಣಾಲಯ ತೆರೆದು ಸರಸ್ವತಿ ಲಕ್ಷ್ಮಿಯರನ್ನು ಮನೆಮನೆಗೆ ಕಳಿಸಿದ.

ಆದರೆ ಇವೇ ನನ್ನ ಪರವಾದ ಸಾಕ್ಷಿಗಳು. ರವಿವರ್ಮನ ಅಚ್ಚುಚಿತ್ರಕ್ಕೆ ನಮ್ಮ ಅಜ್ಜಿಯರು ಗೋಡೆಯ ಮೇಲೆ ಒಂದು ಜಾಗ ಕೊಟ್ಟರು, ಹೂ ಮುಡಿಸಿದರು, ಎದುರು ನಿಂತು ನೋಡಿದರು. ಅಗ್ಗವಾದರೂ ಅದು ಇಡಿಯಾದ ಚಿತ್ರ. ಕೂಲಿಕಾರನ ಗೋಡೆಗೆ ವ್ಯಾನ್ ಗೋ ಕೊಡಬಯಸಿದ್ದೂ ಅಂಥದನ್ನೇ. 1885ರಲ್ಲಿ ‘ಆಲೂಗಡ್ಡೆ ತಿನ್ನುವವರು’ ಚಿತ್ರವನ್ನು ಅವನೇ ಕಲ್ಲಚ್ಚಿಗೆ ಇಳಿಸಿದ: ದೀಪದ ಕೆಳಗೆ, ಮಣ್ಣು ಅಗೆದ ಕೈಗಳಿಂದಲೇ ಉಣ್ಣುತ್ತಿರುವ ರೈತ ಕುಟುಂಬ. ನಾನು ಹೊಕ್ಕ ಅಂಗಡಿಗಳಲ್ಲಿ ಆ ಕಪ್ಪು ಕೈಗಳ ಗಡಿಯಾರವನ್ನು ಇದುವರೆಗೆ ಕಂಡಿಲ್ಲ. ಬಿಕರಿಯಾಗುವುದು ನೀಲಿ ಹಳದಿಗಳೇ. ಕಲೆಯನ್ನು ಜನರ ಬಳಿಗೆ ಒಯ್ಯುತ್ತೇವೆಂಬ ಮಾತು ನಿಜವಾಗಿದ್ದರೆ ಆಯ್ಕೆ ಹೀಗಿರುತ್ತಿರಲಿಲ್ಲ.

ಇನ್ನೊಬ್ಬರು ಸಾಲ್ವಡಾರ್ ಡಾಲಿಯನ್ನು ಸಾಕ್ಷಿಗೆ ಕರೆಯಬಹುದು. 1931ರಲ್ಲಿ ಬೆಣ್ಣೆಯಂತೆ ಕರಗಿ ಜೋತುಬಿದ್ದ ಗಡಿಯಾರಗಳನ್ನು ಚಿತ್ರಿಸಿದ ಅದೇ ಡಾಲಿ, 1969ರಲ್ಲಿ ಚುಪಾ ಚುಪ್ಸ್ ಎಂಬ ಕಡ್ಡಿಮಿಠಾಯಿಗೆ ಗುರುತು ಬರೆದುಕೊಟ್ಟ. ಬರೆಯಲಿ, ಅದು ಅವನ ಸ್ವಂತ ಕೈ, ಸ್ವಂತ ವ್ಯಾಪಾರ. ವ್ಯಾನ್ ಗೋನನ್ನು ಯಾರೂ ಕೇಳಲಿಲ್ಲ. ಅವನಿಂದ ಅನುಮತಿ ಪಡೆಯುವಂತಿಲ್ಲ ಎಂಬುದೇ ನಮ್ಮ ಮೇಲೆ ಹೆಚ್ಚಿನ ಹೊಣೆಯನ್ನು ಹೊರಿಸುತ್ತದೆ.

“ಗಡಿಯಾರದಿಂದಾದರೂ ಹೆಸರು ಗೊತ್ತಾಗುತ್ತದಲ್ಲ” ಎಂಬುದು ಕೊನೆಯ ಸಮಾಧಾನ. ಹೆಸರು ಗೊತ್ತಾಗುವುದೇ ನನ್ನ ಭಯ. ಕವಿಯ ಒಂದು ಸಾಲನ್ನು ಅಂಗಿಯ ಎದೆಯ ಮೇಲೆ ಅಚ್ಚು ಹಾಕಿಸಿಕೊಂಡ ಹುಡುಗರು ನನ್ನ ತರಗತಿಯಲ್ಲಿದ್ದಾರೆ. ಪುಸ್ತಕ ತೆರೆಯಿರೆಂದರೆ, ಆ ಕವಿ ತಮಗೆ ಆಗಲೇ ಪರಿಚಿತನೆಂಬ ಮುಖ ಮಾಡುತ್ತಾರೆ. ಅರಿಯದವನಿಗೆ ಕಲಿಸಬಹುದು, ಅರಿತೆನೆಂದುಕೊಂಡವನಿಗೆ ಕಲಿಸುವುದು ಹೇಗೆ? ಗಡಿಯಾರವನ್ನು ನಾವು ನೋಡುವುದು ಕ್ಷಣಮಾತ್ರ, ಅದೂ ಬೇರೆಲ್ಲಿಗೋ ಹೊರಡುವ ಅವಸರದಲ್ಲಿ. ಚಿತ್ರ ಕೇಳುವುದು ನಿಲ್ಲುವವನನ್ನು.

ನನ್ನ ತಂದೆ ಬಿಟ್ಟುಹೋದ ಎಚ್‌ಎಂಟಿ ಕೈಗಡಿಯಾರ ಇನ್ನೂ ನಡೆಯುತ್ತಿದೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರದ ಕೆಲಸ 2016ರಲ್ಲಿ ಮುಗಿಯಿತು. ಅದರ ಮುಖದ ಮೇಲೆ ಅಂಕಿಗಳಲ್ಲದೆ ಬೇರೇನೂ ಇಲ್ಲ. ಗಂಟೆ ಹೇಳುತ್ತದೆ, ಸುಮ್ಮನಿರುತ್ತದೆ. ಹೋದ ವಾರ ‘ನಕ್ಷತ್ರಗಳ ಇರುಳು’ ಚಿತ್ರದ ದೊಡ್ಡದೊಂದು ಪ್ರತಿಯನ್ನು ಬಣ್ಣದಲ್ಲಿ ಮುದ್ರಿಸಿ ತಂದು ತರಗತಿಯ ಗೋಡೆಗೆ ಅಂಟಿಸಿದೆ. ಹತ್ತು ನಿಮಿಷ ಮಾತಿಲ್ಲದೆ ನೋಡಿರೆಂದೆ. ಮೊದಲ ಮೂರು ನಿಮಿಷ ಪಿಸುಪಿಸು, ನಗು. ಏಳನೆಯ ನಿಮಿಷಕ್ಕೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಊರಿನಲ್ಲಿ ದೀಪ ಉರೀತಿದೆ. ಯಾರೋ ಎದ್ದಿದ್ದಾರೆ” ಎಂದಳು.

ಅಕ್ಕನ ಮಗ ಕೊಟ್ಟ ಗಡಿಯಾರದಲ್ಲಿ ಆ ಊರೇ ಇಲ್ಲವೆಂದು ಆಗಲೇ ಹೇಳಿದ್ದೇನೆ.